ಮೂರನೆಯ ಪಾವಟಿಗೆಯ ತಗ್ಗು

ಅವರನ್ನು ನೆನೆದರೆ ನನಗೆ ಮೊದಲು ಕಾಣುವುದು ಮುಖವಲ್ಲ, ಪಾದಗಳು. ಚಹಾ ಕುಡಿಯಲೆಂದು ನಮ್ಮ ಪಡಸಾಲೆಯ ಸ್ಟೂಲಿನ ಮೇಲೆ ಕೂತಾಗಲೂ ಅವು ಸುಮ್ಮನಿರುತ್ತಿರಲಿಲ್ಲ. ಎಡ, ಬಲ, ಎಡ, ಬಲ ಎಂದು ನೆಲವನ್ನು ಮೆಲ್ಲಗೆ ಒತ್ತುತ್ತಿದ್ದವು. ನಾನು ಓದಿದ ಕಾನ್ವೆಂಟಿನಲ್ಲಿ ಒಬ್ಬ ವಯಸ್ಸಾದ ಸಿಸ್ಟರ್ ಇದ್ದರು. ಪ್ರೇಯರ್ ಮುಗಿದು, ಪಿಯಾನೋ ಮುಚ್ಚಿದ ಮೇಲೂ ಅವರ ಬೂಟು ಪೆಡಲನ್ನು ಒತ್ತುತ್ತಲೇ ಇರುತ್ತಿತ್ತು. ಎಲ್ಲೋ ಒಳಗೆ ಹಾಡು ಮುಗಿದಿರುತ್ತಿರಲಿಲ್ಲ. ಇವರದೂ ಹಾಗೆಯೇ. ರಬಕವಿಯಲ್ಲಿ ಕುಣಿಮಗ್ಗಕ್ಕೆ ಕಾಲಿಳಿಬಿಟ್ಟು ಮೂವತ್ತು ವರ್ಷ ಸೀರೆ ನೇಯ್ದ ಮನುಷ್ಯ. ಸುತ್ತಲೂ ಪವರ್‌ಲೂಮುಗಳ ಸದ್ದು ಏರಿದ ಮೇಲೆ ಮಗ್ಗ ಬಿಟ್ಟು ಗಾರೆ ಕೆಲಸದ ಗೌಂಡಿಯಾದರು. ಕೈಗೆ ಕರಣಿ ಬಂದಿತ್ತು, ಕಾಲು ಇನ್ನೂ ಸೀರೆ ನೇಯುತ್ತಿತ್ತು.

ಹೋದ ತಿಂಗಳು ಅವರಿಗೆ ಫೋನ್ ಮಾಡಿದೆ. ನಮ್ಮ ಮನೆಯ ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಿನ ಅಂಚು ಒಡೆದಿತ್ತು. ಫೋನ್ ಎತ್ತಿದವಳು ಸೊಸೆ. ಅವಳ ಹಿಂದೆ ಮಗ್ಗಗಳ ಖಟಖಟ, ಹಾಗಾಗಿ ಕೂಗಿಯೇ ಮಾತಾಡಿದಳು.

"ಮಾವಾರು ಹೋಗಿ ಎರಡ ತಿಂಗಳಾತ್ರಿ ಬಾಯಾರ. ನಿಮ್ಮ ಮನಿ ಪಾವಟಿಗಿ ಸುದ್ದಿ ಭಾಳ ಹೇಳತಿದ್ರು."

"ಐ ಆಮ್ ಸೋ ಸಾರಿ," ಎಂದೆ. ಆ ಹೆಣ್ಣುಮಗಳಿಗೆ ಇಂಗ್ಲಿಷಿನಲ್ಲಿ ಯಾಕೆ ಹೇಳಿದೆನೋ. ದುಃಖವಾದಾಗ ನನ್ನ ಬಾಯಿಗೆ ಮೊದಲು ಬರುವುದು ಕಾನ್ವೆಂಟ್ ಹಾಸ್ಟೆಲಿನ ಭಾಷೆ. ಫೋನ್ ಇಟ್ಟು ಪಡಸಾಲೆಗೆ ಬಂದೆ. ಹೊರಗೆ ಕಬ್ಬಿನ ಟ್ರ್ಯಾಕ್ಟರೊಂದು ಹಾಡು ಹಾಕಿಕೊಂಡು ಇಳಿಜಾರು ಇಳಿಯಿತು. ಹಾಡು ಹೋಯಿತು, ಕಬ್ಬಿನ ವಾಸನೆ ಉಳಿಯಿತು. ನಾನೂ ಅವರ ಪಾವಟಿಗೆಯ ಸುದ್ದಿಯನ್ನು ಯಾರಿಗಾದರೂ ಹೇಳಬೇಕು ಅನ್ನಿಸಿತು.

ಹೆಸರು ಬರೆಯುವುದಿಲ್ಲ. ಅದು ಅವರದೇ ಇಷ್ಟ. ಕೆಲಸ ಮುಗಿದ ದಿನ ನಾನು ಬಹಳ ಉದಾರಿಯಂತೆ, "ಮೂಲೆಯಲ್ಲಿ ನಿಮ್ಮ ಇನಿಷಿಯಲ್ಸ್ ಬರೀರಿ, ಸಿಮೆಂಟ್ ಇನ್ನೂ ಹಸಿ ಅದ," ಎಂದಿದ್ದೆ. ಅವರು ನಕ್ಕುಬಿಟ್ಟರು.

"ಸೀರಿ ಮ್ಯಾಲೆ ನೇಕಾರ ಹೆಸರ ಬರೀತಾನೇನ್ರಿ? ಉಟ್ಟಾಕಿ ಹೆಸರಲೇ ಸೀರಿ. ತುಳದಾಕಿ ಹೆಸರಲೇ ಪಾವಟಿಗಿ."

ಜಮಖಂಡಿಯಲ್ಲಿ ನಮ್ಮ ಮನೆ ಇಳಿಜಾರಿನ ಓಣಿಯಲ್ಲಿದೆ. ರಸ್ತೆಗೆ ಇಳಿಯಬೇಕಾದರೆ ಏಳು ಮೆಟ್ಟಿಲು. ನಮ್ಮ ಕಡೆ ಮೆಟ್ಟಿಲಿಗೆ ಪಾವಟಿಗೆ ಎನ್ನುತ್ತಾರೆ. ಕಾನ್ವೆಂಟಿನಲ್ಲಿ ಕಲಿತ 'ಸ್ಟೆಪ್ಸ್' ಎಂಬ ಮಾತಿಗಿಂತ ಅದರಲ್ಲಿ ಪಾದ ಹೆಚ್ಚು ಇದೆ ಅನ್ನಿಸುತ್ತದೆ ನನಗೆ. ಮನೆ ಕಟ್ಟುವಾಗ ಯಾರೋ ಗಡಿಬಿಡಿಯಲ್ಲಿ ಸುರಿದ ಕಾಂಕ್ರೀಟು ಅದು. ಮೇಲಿನಿಂದ ಮೊದಲನೆಯದು ಎತ್ತರ, ಎರಡನೆಯದು ಗಿಡ್ಡ, ನಾಲ್ಕನೆಯದು ತುಸು ವಾಲಿದ್ದು, ಕೊನೆಯದು ನೆಲದಿಂದ ಎದ್ದೇ ಇಲ್ಲ ಅನ್ನುವಷ್ಟು ತಗ್ಗು. ಮೂರನೆಯದರ ಬಲಗಡೆ, ಮಾಳಿಗೆಯ ಕೊಳವೆಯ ನೀರು ವರ್ಷಗಟ್ಟಲೆ ಬಿದ್ದೂ ಬಿದ್ದೂ ಒಂದು ತಗ್ಗು. ಮಳೆ ನಿಂತ ಮೇಲೆ ಆ ತಗ್ಗಿನಲ್ಲಿ ಒಂದು ಚೂರು ಆಕಾಶ ಉಳಿಯುತ್ತಿತ್ತು. ಗುಬ್ಬಿಗಳು ಬಂದು ಅದನ್ನು ಕುಡಿಯುತ್ತಿದ್ದವು.

ಆ ಮನೆಯಲ್ಲಿ ಆಗ ಇದ್ದವರು ನಾನು ಮತ್ತು ನನ್ನ ನಾದಿನಿ ಅಂಬು. ಓಣಿಗೆಲ್ಲ ಅವಳು ಅಂಬಕ್ಕ, ಅವಳಿಗೆ ನಾನು ವೈನಿ, ಅಂದರೆ ಅತ್ತಿಗೆ. ಹೊಳೆದಂಡೆಯ ಊರು ಗಲಗಲಿಗೆ ಕೊಟ್ಟ ಹೆಣ್ಣು, ಹೊಳೆಯ ಪಾವಟಿಗೆ ಹತ್ತಿ ಇಳಿದು ಕೊಡ ಹೊತ್ತವಳು. ಗಂಡ ತೀರಿಕೊಂಡ ಮೇಲೆ ನಮ್ಮಲ್ಲಿಗೆ ಬಂದಳು. ಬರುವಾಗ ಕಣ್ಣು ಅರ್ಧ ಹೋಗಿತ್ತು, ಗ್ಲಾಕೋಮಾ. ಉಳಿದರ್ಧ ಇಲ್ಲಿ ಹೋಯಿತು. ಆದರೆ ಪ್ರತಿ ಸಂಜೆ ಐದಕ್ಕೆ ಸೀರೆಯ ನಿರಿಗೆ ಒಂದು ಕೈಯಲ್ಲಿ ಎತ್ತಿ ಹಿಡಿದು, ಒಬ್ಬಳೇ ಏಳೂ ಮೆಟ್ಟಿಲು ಇಳಿದು, ಎದುರಿನ ಬೇವಿನ ಮರದ ಕಟ್ಟೆಗೆ ಹೋಗಿ ಕೂರುತ್ತಿದ್ದಳು. ಯಾರಾದರೂ ಸಹಾಯಕ್ಕೆ ಬಂದರೆ ಅವಳದೊಂದೇ ಮಾತು: "ಕೈ ಬ್ಯಾಡ, ದಾರಿ ಬಿಡ್ರಿ."

ನಮ್ಮ ಸಿಸ್ಟರುಗಳು ತಲೆಯ ಮೇಲೆ ಡಿಕ್ಷನರಿ ಇಟ್ಟು ನಮ್ಮನ್ನು ಮೆಟ್ಟಿಲು ಇಳಿಸುತ್ತಿದ್ದರು. "ಚಿನ್ ಅಪ್, ಗರ್ಲ್ಸ್! ನೆವರ್ ಲುಕ್ ಅಟ್ ದ ಸ್ಟೆಪ್ಸ್!" ಡಿಕ್ಷನರಿ ನನ್ನ ತಲೆಯಿಂದ ಎಷ್ಟು ಸಲ ಬಿದ್ದಿದೆಯೋ. ಕಾನ್ವೆಂಟಿನ ಗೇಟನ್ನೂ ಕಾಣದ ಅಂಬು ಮಾತ್ರ ರಾಣಿಯ ಹಾಗೆ ಇಳಿಯುತ್ತಿದ್ದಳು. ನೋಡುವವರಿಗೆ ಅವಳು ಕುರುಡಿ ಅನ್ನಿಸುತ್ತಲೇ ಇರಲಿಲ್ಲ. ಅವಳ ಡಿಗ್ನಿಟಿಯೆಲ್ಲ ಆ ಏಳು ಮೆಟ್ಟಿಲುಗಳಲ್ಲಿತ್ತು. ಅದು ನನಗೆ ಗೊತ್ತಿತ್ತು ಎಂದುಕೊಂಡಿದ್ದೆ. ಗೊತ್ತಿರಲಿಲ್ಲ.

ಮೆಟ್ಟಿಲುಗಳ ಅಂಚು ಉದುರತೊಡಗಿದಾಗ ಹೆದರಿದವಳು ನಾನು. ಒಂದು ದಿನ ನನ್ನದೇ ಹಿಮ್ಮಡಿ ಜಾರಿತು. ಯಾರೋ ಆ ಗೌಂಡಿಯ ಹೆಸರು ಹೇಳಿದರು. ರಬಕವಿಯಿಂದ ಮೊದಲ ಬಸ್ಸಿಗೆ ಬಂದರು. ಬಂದವರು ಕೆಳಗೆ ರಸ್ತೆಯ ಮೇಲೇ ಚಪ್ಪಲಿ ಬಿಟ್ಟರು. ಪಡಸಾಲೆಯಲ್ಲಿದ್ದ ಅಂಬುಗೆ ಚಪ್ಪಲಿ ಬಿಟ್ಟ ಸದ್ದು ಕೇಳಿತು.

"ಒಡೀಲಿಕ್ಕೆ ಬಂದೋರು ಚಪ್ಪಲಿ ಯಾಕ ಬಿಡ್ತೀರಿ? ದೇವರ ಗುಡಿ ಏನಿದು?"

"ಬರಿಗಾಲಿಗೆ ಗೊತ್ತಾಗತೈತ್ರಿ ಅಕ್ಕಾರ, ಎಲ್ಲಿ ಪೊಳ್ಳ ಐತಿ, ಎಲ್ಲಿ ಗಟ್ಟಿ ಐತಿ ಅಂತ. ಕೈ ಸುಳ್ಳ ಹೇಳತೈತಿ, ಕಾಲ ಹೇಳೂದಿಲ್ಲ."

ಅಂಬು ನನ್ನ ಕಡೆ ತಿರುಗಿ ನಕ್ಕಳು. "ವೈನಿ, ನನ್ನ ಹಾಂಗ ಇನ್ನೊಬ್ಬ ಸಿಕ್ಕ ನೋಡು."

ಅವರು ಮೇಲೆ ಹತ್ತಿ ಬಂದು, ಕಿವಿಯ ಹಿಂದೆ ಸಿಕ್ಕಿಸಿಕೊಂಡಿದ್ದ ಬಿಳಿ ನೂಲೊಂದನ್ನು ತೆಗೆದರು. ಬಾಯಲ್ಲಿ ಒದ್ದೆ ಮಾಡಿ, ಪ್ರತಿ ಮೆಟ್ಟಿಲಿನ ಎತ್ತರಕ್ಕೆ ಇಳಿಬಿಟ್ಟು, ಒಂದೇ ಕೈಯ ಎರಡು ಬೆರಳಲ್ಲಿ ಗಂಟು ಹಾಕುತ್ತ ಇಳಿದರು. ಏಳು ಮೆಟ್ಟಿಲಿಗೆ ಏಳು ಗಂಟು. ಗಂಟು ಹಾಕುವಾಗ ನೂಲನ್ನು ನೋಡುತ್ತಲೇ ಇರಲಿಲ್ಲ, ಬೇವಿನ ಮರದ ಮೇಲೆ ಎಲ್ಲೋ ಕಣ್ಣು.

"ಟೇಪ್ ಇಲ್ಲೇನು ನಿಮ್ಮ ಹತ್ರ?" ಎಂದು ಕೇಳಿದೆ.

"ಐತ್ರಿ. ಟೇಪ್ ಹೊಸಾದನ್ನ ಅಳಿಯಾಕ. ಇದು ಹಳೇದನ್ನ ಇಟಗೊಳ್ಳಾಕ." ನಂತರ ನನಗೆ, ಇಂಗ್ಲಿಷ್ ಕಲಿಸಿ ರಿಟೈರ್ ಆದ ಟೀಚರಿಗೆ, ಪಾಠ ಹೇಳುವವರಂತೆ ವಿವರಿಸಿದರು. "ಮಗ್ಗದ ಮ್ಯಾಲೆ ಉದ್ದಕ್ಕ ಎಳಿದಿರತೇವಲ್ರಿ, ಅದು ಹಾಸು. ಒಂದ ಹಾಸು ಮುಗದ್ರ ಪೂರಾ ಕಡದ ಒಗಿಯೂದಿಲ್ಲ. ತುದಿ ಉಳಸತೇವಿ. ಹೊಸಾ ಹಾಸಿನ ಒಂದೊಂದ ಎಳೀನೂ ಹಳೇದಕ್ಕ ಗಂಟ ಹಾಕಿ ಎಳಕೋತೇವಿ. ಹಳೇದ ಇರಲಿಲ್ಲಂದ್ರ ಹೊಸಾದಕ್ಕ ದಾರಿ ಗೊತ್ತಾಗೂದಿಲ್ಲರಿ."

'ಹೌ ಸೆಂಟಿಮೆಂಟಲ್' ಎಂದುಕೊಂಡೆ. ಅವರು ಆ ನೂಲನ್ನು ಸುತ್ತಿ ಅಂಗಿಯ ಜೇಬಿಗೆ ಹಾಕಿಕೊಂಡರು.

ಆಮೇಲೆ ಎದ್ದು ನಿಂತು ಏಳೂ ಮೆಟ್ಟಿಲುಗಳ ಮೇಲೆ ಕಣ್ಣು ಹಾಯಿಸಿದರು. ಮುಖದಲ್ಲಿ ನೋವೇ ಕಾಣಿಸಿತು.

"ಏಳಕ್ಕ ಏಳೂ ಹೆಚ್ಚುಕಮ್ಮಿ ಅದಾವ್ರಿ ಬಾಯಾರ. ಎಲ್ಲಾ ಒಂದ ಅಳತಿಗೆ ತಂದುಬಿಡತೇನಿ. ಸೀರ್ಯಾಗ ಒಂದ ಎಳಿ ದಪ್ಪ ಬಿದ್ರ ನನಗ ಊಟ ಸೇರತಿರಲಿಲ್ಲ."

"ಪರ್ಫೆಕ್ಟ್!" ಎಂದೆ ನಾನು. ಚಪ್ಪಾಳೆಯನ್ನೂ ತಟ್ಟಿರಬೇಕು.

ಅಂಬು ಪಡಸಾಲೆಯಿಂದ, "ಎಲ್ಲಾ ಒಂದ ಮಾಡಬೇಕೇನು?" ಎಂದದ್ದು ನನಗೆ ಕೇಳಿಸಿತ್ತು. ಅದು ಪ್ರಶ್ನೆ ಎಂದು ನಾನು ತಿಳಿಯಲಿಲ್ಲ. ಮೆಚ್ಚುಗೆ ಎಂದುಕೊಂಡೆ.

ಆ ದಿನಗಳು ಈಗ ಕನಸಿನ ಹಾಗೆ ಇವೆ. ಬೆಳಿಗ್ಗೆ ಉಳಿಯ ಸದ್ದು, ಟಣ್ ಟಣ್, ಎಲ್ಲಿಯೋ ದೂರದ ಚರ್ಚಿನ ಗಂಟೆಯಂತೆ. ಸಡಿಲಾದದ್ದನ್ನೆಲ್ಲ ಕೆತ್ತಿ, ತಂತಿಯ ಬ್ರಶ್ಶಿನಿಂದ ಉಜ್ಜಿ, ಕೊಡಗಟ್ಟಲೆ ನೀರು ಹಾಕಿ ತೊಳೆದರು. ಹಳೆಯ ಕಾಂಕ್ರೀಟು ಸಾಕು ಎನ್ನುವ ತನಕ ನೀರು ಕುಡಿಯಬೇಕಂತೆ. ಆಮೇಲೆ ಅದರ ಮೇಲೆ ಸಿಮೆಂಟಿನ ತೆಳು ಹಾಲು ಬಳಿದು, ಮುಂದೆ ಹಲಗೆ ಕಟ್ಟಿ, ಎತ್ತರದ್ದನ್ನು ತಗ್ಗಿಸಿ, ಗಿಡ್ಡದ್ದನ್ನು ಏರಿಸಿ ತುಂಬಿದರು. ಅಂಚನ್ನು ಅವರು ಅಂಚು ಎನ್ನುತ್ತಿರಲಿಲ್ಲ, ಸೀರೆಯ ಅಂಚಿನಂತೆ ದಡಿ ಎನ್ನುತ್ತಿದ್ದರು. "ದಡಿ ಹ್ವಾದ್ರ ಸೀರಿ ಹೋತ್ರಿ." ಕರಣಿಯನ್ನು ದಡಿಯ ಉದ್ದಕ್ಕೂ ಒಂದೇ ಉಸಿರಿನಲ್ಲಿ ಎಳೆಯುತ್ತಿದ್ದರು. ಎಳೆದು ಮುಗಿಯುವ ತನಕ ನಾನೂ ಉಸಿರು ಹಿಡಿದು ನಿಲ್ಲುತ್ತಿದ್ದೆ.

ತುಂಬಿದ ಮೇಲೆ ಒದ್ದೆ ಗೋಣಿಚೀಲ ಹೊದಿಸಿದರು. ಇನ್ನು ವಾರವಿಡೀ ನೀರು. "ಸಿಮೆಂಟ್ ಒಣಗಿ ಗಟ್ಟಿ ಆಗತೈತಿ ಅಂತ ಮಂದಿ ತಿಳದಾರ. ಇಲ್ರಿ, ಕುಡಕೋತ ಕುಡಕೋತ ಗಟ್ಟಿ ಆಗತೈತಿ. ನೂಲಿಗೆ ಗಂಜಿ, ಇದಕ್ಕ ನೀರು." ನಾವು ಹಿತ್ತಲ ಬಾಗಿಲಿನಿಂದ ಓಡಾಡಿದೆವು. ಮಧ್ಯಾಹ್ನದ ಬಿಸಿಲಿಗೆ ಒದ್ದೆ ಗೋಣಿಯ ವಾಸನೆ ಮನೆಯೊಳಗೆಲ್ಲ ಹರಡುತ್ತಿತ್ತು. ಅಂಬು ಆ ವಾಸನೆಗೆ ಮೂಗೊಡ್ಡಿ, "ಗಲಗಲಿ ಹೊಳೀ ದಂಡಿ ಇದು," ಎನ್ನುತ್ತಿದ್ದಳು.

ಗೋಣಿ ತೆಗೆದ ಸಂಜೆ ಏಳು ಮೆಟ್ಟಿಲುಗಳು ಹೊಸ ಸೀರೆಯ ಮಡಿಕೆಯಂತೆ ಬಿದ್ದಿದ್ದವು. ಒಂದರಂತೆ ಒಂದು. ನಾನು ಅವರಿಗೆ ಚಹಾ, ಚೂಡಾ ಕೊಟ್ಟೆ. ಅವರು ರಸ್ತೆಯಲ್ಲಿ ನಿಂತು, ಹೆಮ್ಮೆಯಿಂದ ಕರೆದರು. "ಅಂಬಕ್ಕಾರ, ಇಳೀರಿ ಇನ್ನ. ಮೊದಲ ಕಾಲ ನಿಮ್ಮದ ಆಗಲಿ."

ಅಂಬು ನಿರಿಗೆ ಎತ್ತಿ ಹಿಡಿದು ಹೊರಟಳು. ಮೊದಲನೆಯದರಲ್ಲಿ ಅವಳ ಮಂಡಿ ಒಂದು ಸಲ ಅದುರಿತು. ಕಾಲು ಆಳಕ್ಕೆ ಇಳಿಯಲು ಸಿದ್ಧವಾಗಿತ್ತು, ನೆಲ ಮೊದಲೇ ಬಂದುಬಿಟ್ಟಿತ್ತು. ಎರಡನೆಯದರಲ್ಲಿ ನೆಲ ತಡವಾಗಿ ಬಂತು. ಮೂರನೆಯದರ ಮೇಲೆ ನಿಂತಳು. ಬಲಗಾಲಿನ ಹೆಬ್ಬೆರಳು ಆ ತಗ್ಗನ್ನು ಹುಡುಕಿತು. ಈ ಕಡೆ, ಆ ಕಡೆ, ಮತ್ತೆ ಈ ಕಡೆ. ತಗ್ಗು ಇರಲಿಲ್ಲ. ಎಲ್ಲಾ ನುಣುಪು.

ಇಪ್ಪತ್ತು ವರ್ಷದಲ್ಲಿ ಮೊದಲ ಬಾರಿಗೆ ಅಂಬು ಗಾಳಿಯಲ್ಲಿ ಕೈ ಚಾಚಿದಳು.

"ವೈನಿ, ಕೈ ಕೊಡು," ಎಂದಳು.

ನಾನು ಓಡಿಹೋಗಿ ಹಿಡಿದುಕೊಂಡೆ. ಆ ಕೈ ಎಷ್ಟು ತಣ್ಣಗಿತ್ತು! ಅವಳನ್ನು ತಿರುಗಿಸಿ ಮೇಲಕ್ಕೆ ಕರೆದುಕೊಂಡು ಬಂದೆ. ಪಡಸಾಲೆಯಲ್ಲಿ ಕೂತ ಮೇಲೆ ಅವಳು ಕೆಳಗೆ ಕೇಳುವಂತೆ, "ಕೆಲಸ ಛಲೋ ಆಗ್ಯದರಿ," ಎಂದು ಕೂಗಿದಳು. ಮಾತಿನಲ್ಲಿ ಯಾವ ಸಿಟ್ಟೂ ಇರಲಿಲ್ಲ.

ಅವರು ಕೊನೆಯ ಮೆಟ್ಟಿಲ ಮೇಲೆ ಬಹಳ ಹೊತ್ತು ಕೂತಿದ್ದರು. ಆ ಹೊತ್ತಿನಲ್ಲಿ ಮಾತ್ರ ಅವರ ಪಾದಗಳು ಅಲ್ಲಾಡಲಿಲ್ಲ. ಬೆಳಕು ಕಂದುವ ಮೊದಲು ಹಲಗೆ, ಬುಟ್ಟಿ ಎತ್ತಿಕೊಂಡು ಹೊರಟುಹೋದರು.

ಮುಂದಿನ ಹನ್ನೊಂದು ದಿನ ಫೋನ್ ಎತ್ತಲಿಲ್ಲ. ಎಸ್ಕೇಪ್, ಎಂದುಕೊಂಡೆ. ಅಂಬು ಸಂಜೆ ಐದಾದರೂ ಎದ್ದು ನಿರಿಗೆ ಸರಿಮಾಡಿಕೊಳ್ಳಲಿಲ್ಲ. ಹಾಲು ಕೊಡುವ ಹೆಂಗಸು ಕಟ್ಟೆಯ ಹತ್ತಿರ ನಿಂತು ಕರೆದಳು. "ಯಾಕ ಬೇ ಅಂಬಕ್ಕಾ, ಇಳೀವಲ್ಲಿ? ಹೊಸಾ ಪಾವಟಿಗಿ ಹೊಲಸ ಆಗತಾವಂತೇನು?"

"ನಾ ಇಳೀಲಿಕ್ಕೆ ತಯಾರಿದ್ದೇನಿ. ಪಾವಟಿಗೀನ ನನ್ನ ಗುರತಾ ಹಿಡೀವಲ್ವು," ಎಂದಳು ಅಂಬು. ಹಾಲಿನವಳು ನಕ್ಕಳು. ಅಂಬುವೂ ನಕ್ಕಳು. ಆಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ನಾನು, "ಕೈ ಹಿಡದು ಕರಕೊಂಡು ಹೋಗ್ತೇನಿ ಬಾ," ಎಂದೆ. "ಒಮ್ಮೆ ಕೈ ಹಿಡದ್ರ ಮುಗೀತು ವೈನಿ, ಆಮ್ಯಾಲೆ ಎಲ್ಲಾದಕ್ಕೂ ಕೈ ಬೇಕು," ಎಂದಳು. ನಾನು ಹೇಳಿ ಮಾಡಿಸಿದ ಪರ್ಫೆಕ್ಷನ್ ಮನೆಯ ಮುಂದೆ ಬಿಸಿಲಿಗೆ ಹೊಳೆಯುತ್ತಿತ್ತು. ಅದನ್ನು ನೋಡಲಾರದೆ ನಾನೂ ಹಿತ್ತಲ ಬಾಗಿಲಿನಿಂದಲೇ ಓಡಾಡತೊಡಗಿದೆ.

ಹನ್ನೆರಡನೆಯ ದಿನ ಬೆಳಿಗ್ಗೆ ಮತ್ತೆ ಟಣ್ ಟಣ್. ಬಾಗಿಲು ತೆರೆದರೆ ಅವರು, ತಮ್ಮ ಕೈಯಾರೆ ಎಳೆದ ದಡಿಯನ್ನು ತಾವೇ ಒಡೆಯುತ್ತಿದ್ದಾರೆ!

"ಆರ್ ಯೂ ಮ್ಯಾಡ್?" ಎಂದು ಕೂಗಿಬಿಟ್ಟೆ. "ಏನ್ ಮಾಡ್ಲಿಕತ್ತೀರಿ?"

"ಬಿಚ್ಚಾಕತ್ತೇನ್ರಿ," ಎಂದರು, ತಲೆ ಎತ್ತದೆ. "ನೇಯ್ಗಿ ತಪ್ಪಿದ್ರ ಬಿಚ್ಚಬೇಕು. ಹತ್ತ ದಿನ ತಲ್ಯಾಗ ಹೊಂದಿಸಿ ನೋಡಿದೆ, ಬಿಚ್ಚದ ಬ್ಯಾರೆ ದಾರಿ ಸಿಗಲಿಲ್ಲ. ನಾ ಕಣ್ಣಿಗೆ ನೇಯ್ದ ಬಿಟ್ಟೆ ಬಾಯಾರ. ಕಾಲ ಕೇಳಲಿಲ್ಲ. ನಾನಽ ಹೇಳಾಂವ, ಕಾಲ ಸುಳ್ಳ ಹೇಳೂದಿಲ್ಲ ಅಂತ."

"ಆದ್ರ ಹಳೇ ಅಳತಿ ಎಲ್ಲಿಂದ ತರ್ತೀರಿ ಈಗ?"

ಜೇಬಿನಿಂದ ನೂಲು ತೆಗೆದು ಬೆಳಕಿಗೆ ಎತ್ತಿ ಹಿಡಿದರು. ಏಳು ಗಂಟುಗಳು, ಎರಡರ ನಡುವೆ ಹೆಚ್ಚು, ಇನ್ನೆರಡರ ನಡುವೆ ಕಮ್ಮಿ. ಅವತ್ತು ನಾನು ಸೆಂಟಿಮೆಂಟಲ್ ಎಂದುಕೊಂಡಿದ್ದ ಅದೇ ನೂಲು. "ಹಾಸಿನ ತುದಿ ಕಡದಿಲ್ರಿ," ಎಂದರು.

ನೂಲಿನ ಪ್ರಕಾರ ಎತ್ತರಗಳು ಹಿಂದಿರುಗಿದವು. ನಾಲ್ಕನೆಯದರ ವಾಲು ಅವರ ಬರಿಗಾಲಿಗೆ ನೆನಪಿತ್ತು. ಆದರೆ ಮೂರನೆಯದರ ತಗ್ಗು ನೂಲಿನಲ್ಲಿ ಇರಲಿಲ್ಲ. ಅದಕ್ಕೆ ಅಂಬುವೇ ಬೇಕಿತ್ತು. ಮೇಲೆ ಬಂದು ಅವಳ ಮುಂದೆ ಕೂತರು.

"ಅಕ್ಕಾರ, ಎಷ್ಟ ಆಳ ಇತ್ತ್ರಿ ಅದು?"

ಅಂಬು ಬಲಗೈಯನ್ನು ಮುಂದೆ ಚಾಚಿ ಅಂಗೈಯನ್ನು ತುಸುವೇ ಬಟ್ಟಲು ಮಾಡಿದಳು. "ತೀರ್ಥಾ ತೊಗೊಳ್ಳೋ ಕೈ ಇರತದಲ್ಲ, ಅಷ್ಟ."

ಅವರು ಆ ಕೈಯನ್ನು ಮುಟ್ಟಲಿಲ್ಲ. ಬಗ್ಗಿ, ಬದಿಯಿಂದ, ಕೆಳಗಿನಿಂದ ನೋಡಿದರು, ಒಳ್ಳೆಯ ರೇಷ್ಮೆ ನೋಡುವಂತೆ. ಮೊದಲು ಹಸಿಮಣ್ಣಿನಲ್ಲಿ ಮಾಡಿ ನೋಡೋಣ ಎಂದರು. ಮೂರನೆಯ ಮೆಟ್ಟಿಲ ಮೇಲೆ ಮಣ್ಣು ಮೆತ್ತಿ, ಗೋಣಿಯ ಉಂಡೆಯಿಂದ ತಿಕ್ಕಿ ತಗ್ಗು ಮಾಡಿದರು. ನಾನು ಹೆಗಲು ಕೊಟ್ಟೆ. ಅಂಬು ಒಂದು ಕಾಲು ಇಳಿಬಿಟ್ಟು ಪರೀಕ್ಷೆ ಮಾಡಿದಳು.

"ಇನ್ನೊಂದ ಸ್ವಲ್ಪ ಎಡಕ್ಕ."

ತಿಕ್ಕಿದರು.

"ಇಷ್ಟ ದುಂಡಗಲ್ಲ. ಗುಬ್ಬಿ ಕೂಡೋ ಕಡೆ ಸ್ವಲ್ಪ ಚಪ್ಪಟೆ ಇತ್ತು."

ಮತ್ತೆ ತಿಕ್ಕಿದರು. ಹೀಗೆ ಅರ್ಧ ದಿನ.

"ಲಗ್ನದ ಸೀರಿ ಆರಿಸಿದಂಗ ಆರಸಾಕತ್ತೀರಲ್ರಿ ಅಕ್ಕಾರ!"

"ಆರಸಬೇಕಲ್ಲಪಾ. ಹಿಂದಿನ ಸೀರಿ ನೀ ನೇಯ್ದದ್ದು ಭಾಳ ಛಲೋ ಇತ್ತು, ಉಡಲಿಕ್ಕೇ ಬರಲಿಲ್ಲ."

ಅವರು ಜೋರಾಗಿ ನಕ್ಕರು. ಬಹಳ ದಿನಗಳ ಮೇಲೆ ನಮ್ಮ ಮನೆಯ ಮುಂದೆ ಮನಸ್ಸು ಬಿಚ್ಚಿದ ನಗು ಕೇಳಿತು. ಕೊನೆಗೊಮ್ಮೆ ಅಂಬುವಿನ ಪಾದ ಮಣ್ಣಿನಲ್ಲಿ ನಿಂತಿತು, ಮುಖ ಸಡಿಲಾಯಿತು. "ಹ್ಞಾಂ," ಎಂದಳು, ಅಷ್ಟೇ. ಅದೇ ಆಕಾರವನ್ನು ಅವರು ಸಿಮೆಂಟಿಗೆ ಇಳಿಸಿದರು. ಹೆಸರು ಬರೆಯಲು ನಾನು ಹೇಳಿದ್ದು ಆವತ್ತೇ.

ಮತ್ತೆ ಒಂದು ವಾರ ಗೋಣಿ, ನೀರು, ಗಲಗಲಿಯ ವಾಸನೆ. ಎಂಟನೆಯ ಸಂಜೆ ಅಂಬು ಬಾಗಿಲಿಗೆ ಬಂದು ನಿಂತಳು. ಅವರು ಕೆಳಗೆ, ರಸ್ತೆಯಲ್ಲಿ. ಎರಡೂ ಕೈಗಳನ್ನು ಬೆನ್ನ ಹಿಂದೆ ಒಂದರಲ್ಲೊಂದು ಸಿಕ್ಕಿಸಿ ಬಿಗಿದುಕೊಂಡಿದ್ದರು. ತಪ್ಪಿಯೂ ಚಾಚಬಾರದೆಂದು. ಅಂಬು ಇಳಿದಳು. ಒಂದು, ಎತ್ತರ. ಎರಡು, ಗಿಡ್ಡ. ಮೂರನೆಯದರಲ್ಲಿ ಹೆಬ್ಬೆರಳು ತಗ್ಗಿಗೆ ಬಿತ್ತು, ಪಾದ ಹಿಂಬಾಲಿಸಿತು, ಅಲ್ಲಿ ಒಂದು ಗಳಿಗೆ ನಿಂತು ಗದ್ದ ಮೇಲೆತ್ತಿದಳು. ಕೆಳಗೆ ಅವರ ಪಾದಗಳು ಅವಳ ಜೊತೆಗೇ ನೆಲ ಒತ್ತುತ್ತಿದ್ದವು. ಎಡ, ಬಲ, ಎಡ, ಬಲ.

ಏಳನೆಯದು ಇಳಿದಾಗ ಅವರು ದಾರಿಗೆ ಅಡ್ಡವಾಗಿಯೇ ನಿಂತಿದ್ದರು, ಸರಿಯುವುದನ್ನೇ ಮರೆತು.

"ದಾರಿ ಬಿಡ್ರಿ," ಎಂದಳು ಅಂಬು.

"ಎಳಿಗೆ ಎಳಿ ಕೂಡತು," ಎಂದರು ಅವರು, ನನಗಲ್ಲ, ಅಂಬುಗೂ ಅಲ್ಲ.

ಹೋಗುವಾಗ ಆ ನೂಲನ್ನು ನನ್ನ ಕೈಗಿಟ್ಟರು. "ನಿಮ್ಮ ಕಡೆ ಇರಲ್ರಿ. ಮುಂದ ಯಾರರ ಗೌಂಡಿ ಬಂದ್ರ ಕೊಡ್ರಿ." ಸೂಜಿ, ಗುಂಡಿ ಇಡುವ ನನ್ನ ಬಿಸ್ಕೆಟ್ ಡಬ್ಬಿಯಲ್ಲಿ ಇಟ್ಟುಕೊಂಡೆ. ಅಂಬು ಇನ್ನೂ ನಾಲ್ಕು ವರ್ಷ ಇದ್ದಳು. ಆಸ್ಪತ್ರೆಗೆ ಹೋದ ದಿನವೂ ತಾನೇ ಇಳಿದು ಹೋಗಿ ಗಾಡಿ ಹತ್ತಿದಳು.

ನನ್ನ ಕಣ್ಣೂ ಈಗ ಹೊರಟಿದೆ. ಮುಧೋಳದ ಡಾಕ್ಟರು ಚಿತ್ರ ಬರೆದು ತೋರಿಸಿದರು. ಮ್ಯಾಕ್ಯುಲಾ ಅಂತೆ. ಸುತ್ತಲಿನದು ಕಾಣುತ್ತದೆ, ನಡುವಿನದು ಹೊಗೆ. ದಪ್ಪ ಸ್ಕೆಚ್ ಪೆನ್ನಿನಲ್ಲಿ, ಸಾಲಿಗೆ ನಾಲ್ಕು ಪದದಂತೆ ಇದನ್ನು ಬರೆಯುತ್ತಿದ್ದೇನೆ. ಎದುರಿಗೆ ನಿಂತವರ ಮುಖ ಕಾಣುವುದಿಲ್ಲ, ಅಂಚು ಕಾಣುತ್ತದೆ. ದಡಿ ಮಾತ್ರ ಉಳಿದ ಸೀರೆಯಂತೆ ಲೋಕ.

ರಬಕವಿಯ ಸುದ್ದಿ ಕೇಳಿದ ವಾರವೇ ಒಬ್ಬ ಟೈಲ್ಸ್ ಕಾಂಟ್ರ್ಯಾಕ್ಟರ್ ಬಂದ. ನಡುವಯಸ್ಸಿನ ದನಿ. ಫೋನನ್ನು ಒಂದೊಂದು ಮೆಟ್ಟಿಲ ಮೇಲೂ ಮಲಗಿಸಿ ಲೆವೆಲ್ ನೋಡಿದ, ನಾಲಗೆ ಲೊಚಗುಟ್ಟಿದ.

"ಇದನ್ನ ಯಾವ ಗೌಂಡಿ ಮಾಡ್ಯಾನ್ರಿ ಆಂಟಿ? ಒಂದಕ್ಕೊಂದ ತಾಳ ಇಲ್ಲ, ಮ್ಯಾಲಿಂದ ಮೂರನೇದಕ್ಕ ತಗ್ಗ ಬಿದ್ದೈತಿ. ಗ್ರಾನೈಟ್ ಹಾಕಿ ಎಲ್ಲಾ ಲೆವೆಲ್ ಮಾಡಿಬಿಡ್ಲೇನು?"

ನಾನು ಒಳಗೆ ಹೋಗಿ ಡಬ್ಬಿಯಿಂದ ನೂಲು ತಂದೆ. ಬೆರಳುಗಳಿಂದ ಗಂಟುಗಳನ್ನು ಎಣಿಸಿದೆ. ಏಳೂ ಇದ್ದವು.

"ಕೆಳಗಿನದೊಂದ ರಿಪೇರಿ ಮಾಡ್ರಿ," ಎಂದೆ. "ಕಡೀ ಗಂಟಿನ ಅಳತಿಗೆ. ಉಳಿದದ್ದಕ್ಕ ಕೈ ಹಚ್ಚಬ್ಯಾಡ್ರಿ. ಬರ್ರಿ, ತೋರಸ್ತೇನಿ."

ಚಪ್ಪಲಿ ಬಿಟ್ಟೆ. ನಿರಿಗೆ ಎತ್ತಿ ಹಿಡಿದೆ. ಸಂಜೆಯಾಗಿತ್ತು, ಮೆಟ್ಟಿಲಿದ್ದ ಕಡೆಯೆಲ್ಲ ನನಗೆ ಬೂದಿ ಬಣ್ಣದ ಮೋಡ. ಗದ್ದ ಮೇಲೆತ್ತಿದೆ. ಎತ್ತರ, ಆಮೇಲೆ ಗಿಡ್ಡ.

"ಹುಷಾರ್ರಿ ಆಂಟಿ! ತಡೀರಿ, ಕೈ ಹಿಡೀತೇನಿ," ಎಂದು ಅವನು ಕೆಳಗಿನಿಂದ ಓಡಿ ಬಂದ ಸದ್ದಾಯಿತು.

ಮೂರನೆಯದರಲ್ಲಿ ನನ್ನ ಹೆಬ್ಬೆರಳು ಹುಡುಕುವ ಮೊದಲೇ ತಗ್ಗು ಸಿಕ್ಕಿತು. ಪಾದವನ್ನು ಅದರೊಳಗೆ ಇಟ್ಟೆ. ತೀರ್ಥ ತೆಗೆದುಕೊಳ್ಳುವ ಕೈಯಷ್ಟೇ ಆಳ. ಹಗಲಿನ ಬಿಸಿ ಅಲ್ಲಿ ಇನ್ನೂ ಇತ್ತು.

"ಕೈ ಬ್ಯಾಡ," ಎಂದೆ. "ದಾರಿ ಬಿಡ್ರಿ."